ಹತ್ತು ಗ್ರಾಂ ಚಹಾಪುಡಿಯಲ್ಲಿ ಎಷ್ಟು ಕೆಫೀನ್?

(ಸಂಘದ ವತಿಯಿಂದ ಸೇಡಂ ರಸ್ತೆಯ ಸಭಾಂಗಣದಲ್ಲಿ ವಿಜ್ಞಾನ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಉಪನ್ಯಾಸದ ಲಿಖಿತ ರೂಪ)



ಸಂಘದವರು ನನ್ನನ್ನು ಕರೆದಾಗ "ವಿಜ್ಞಾನದ ಬಗ್ಗೆ ಏನಾದರೂ ಹೇಳಿ, ಆದರೆ ಹುಡುಗರಿಗೆ ನಿದ್ದೆ ಬರಬಾರದು" ಎಂದರು. ನಿದ್ದೆ ಬಾರದಂತೆ ಮಾಡುವ ವಸ್ತುವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದು ಕೆಫೀನ್. ಇದೇ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆಯ ಕಡೆಯಿಂದ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಕಡೆಗೆ ಹೋಗುವಾಗ ಬೆಳಗಿನಿಂದ ರಾತ್ರಿಯವರೆಗೆ ಚಹಾ ಕುದಿಯುತ್ತಲೇ ಇರುವುದನ್ನು ತಾವೆಲ್ಲ ನೋಡಿದ್ದೀರಿ. ಆ ಪಾತ್ರೆಯಲ್ಲಿ ಚಹಾದಂಗಡಿಯವರು ಮಾಡುವ ಕೆಲಸದ ಮೊದಲರ್ಧವನ್ನೇ ಬಿ.ಎಸ್ಸಿ. ವಿದ್ಯಾರ್ಥಿ ತನ್ನ ಪ್ರಯೋಗಾಲಯದಲ್ಲಿ ಮಾಡುತ್ತಾನೆ. ಉಳಿದರ್ಧದ ಬಗ್ಗೆ, ಅದರಲ್ಲೂ ಕೊನೆಗೆ ದಾಖಲೆ ಪುಸ್ತಕದಲ್ಲಿ ಬರೆಯುವ ಒಂದೇ ಒಂದು ಅಂಕಿಯ ಬಗ್ಗೆ ಇಂದು ಮಾತಾಡಬೇಕೆಂದಿದ್ದೇನೆ.

ಮೊದಲು ಈ ವಸ್ತುವಿನ ಪರಿಚಯ. ಶುದ್ಧ ಕೆಫೀನ್ ಬಿಳಿಯದು, ಸೂಜಿಯಂಥ ಹರಳು, ವಾಸನೆಯಿಲ್ಲ, ರುಚಿ ಕಹಿ. ಒಂದು ಅಣುವಿನಲ್ಲಿ ಎಂಟು ಇಂಗಾಲ, ಹತ್ತು ಜಲಜನಕ, ನಾಲ್ಕು ಸಾರಜನಕ, ಎರಡು ಆಮ್ಲಜನಕ ಪರಮಾಣುಗಳಿವೆ. ಗಿಡ ಇದನ್ನು ನಮಗಾಗಿ ತಯಾರಿಸುವುದಿಲ್ಲ. ಎಳೆಯ ಎಲೆಯನ್ನು ತಿನ್ನಲು ಬರುವ ಹುಳಗಳನ್ನು ದೂರವಿಡಲು ತಯಾರಿಸಿಕೊಳ್ಳುತ್ತದೆ. ನಮ್ಮ ಮೆದುಳಿನಲ್ಲಿ ದಣಿವನ್ನು ತಿಳಿಸುವ ಅಡಿನೋಸಿನ್ ಎಂಬ ರಾಸಾಯನಿಕವಿದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ದಣಿವು ಇದ್ದೇ ಇರುತ್ತದೆ, ಅದರ ಸುದ್ದಿ ಮಾತ್ರ ತಲುಪುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಐದಾರು ಕಪ್ ಚಹಾ ಕುಡಿಯುವವರು ಇದನ್ನು ನೆನಪಿಡಬೇಕು. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು.

ರಮಝಾನ್‌ನ ಮೊದಲ ಎರಡು ಮೂರು ದಿನ ಮಧ್ಯಾಹ್ನದ ಮೇಲೆ ತಲೆ ಸಿಡಿಯುತ್ತದೆಂದು ಹೇಳುವವರು ನಮ್ಮ ಪ್ರತಿ ಮನೆಯಲ್ಲಿಯೂ ಇದ್ದಾರೆ. ಹಸಿವು, ನೀರಡಿಕೆ, ನಿದ್ದೆಗೇಡು ಎಲ್ಲವೂ ಅದಕ್ಕೆ ಕಾರಣವಾಗಬಹುದು. ಆದರೆ ಬಹಳ ಜನರಲ್ಲಿ ಅದು ಚಹಾ ಬಿಟ್ಟ ತಲೆನೋವು. ದಿನಾ ಕೆಫೀನಿಗೆ ಹೊಂದಿಕೊಂಡ ದೇಹಕ್ಕೆ ಕೊನೆಯ ಕಪ್ಪಿನ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ನಂತರ ಈ ನೋವು ಆರಂಭವಾಗುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಶಾಬಾನ್ ತಿಂಗಳಲ್ಲಿಯೇ ದಿನಕ್ಕೊಂದು ಕಪ್ಪಿನಂತೆ ಕಡಿಮೆ ಮಾಡುತ್ತಾ ಬಂದವರಿಗೆ ಇದರ ಬಾಧೆ ಕಡಿಮೆ. ಇದಕ್ಕೆ ಔಷಧಿ ಅಂಗಡಿಯವರಿಗಿಂತ ಕ್ಯಾಲೆಂಡರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದನ್ನು ಮೊದಲು ಬೇರ್ಪಡಿಸಿದವನು ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಎಂಬ ಜರ್ಮನ್ ಯುವಕ. ಆಗ ಅವನಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಬೆಲ್ಲಡೋನಾ ಗಿಡದ ರಸವನ್ನು ಬೆಕ್ಕಿನ ಕಣ್ಣಿಗೆ ಹಾಕಿ ಪಾಪೆ ಅಗಲವಾಗುವುದನ್ನು ಅವನು ಕವಿ ಗಯಟೆಗೆ ತೋರಿಸಿದನು. ಮೆಚ್ಚಿದ ಗಯಟೆ ಅಪರೂಪದ ಕಾಫಿ ಬೀಜಗಳ ಒಂದು ಡಬ್ಬಿ ಕೊಟ್ಟು, ಇದನ್ನೂ ಪರೀಕ್ಷಿಸಿ ನೋಡು ಎಂದನು. 1819ರಲ್ಲಿ ಅದರಿಂದ ಕೆಫೀನ್ ಹೊರಬಂತು. 1827ರಲ್ಲಿ ಊದ್ರಿ ಎಂಬಾತ ಚಹಾದಿಂದ ಒಂದು ವಸ್ತು ತೆಗೆದು ಅದಕ್ಕೆ ಥೀನ್ ಎಂದು ಹೆಸರಿಟ್ಟನು. ಚಹಾದ ಸತ್ವ ಬೇರೆ, ಕಾಫಿಯ ಸತ್ವ ಬೇರೆ ಎಂದೇ ಕೆಲಕಾಲ ನಂಬಿದ್ದರು. ಎರಡೂ ಒಂದೇ ಎಂಬುದು 1838ರಲ್ಲಿ ಖಚಿತವಾಯಿತು. 1895ರಲ್ಲಿ ಅದನ್ನು ಕೃತಕವಾಗಿ ತಯಾರಿಸಿ, ನಂತರ ಅಣುವಿನ ರಚನೆಯನ್ನೂ ಬಿಡಿಸಿದವರು ಎಮಿಲ್ ಫಿಷರ್. ಅವರಿಗೆ 1902ರ ನೊಬೆಲ್ ಪ್ರಶಸ್ತಿ ಬಂದದ್ದು ಸಕ್ಕರೆಗಳ ಮೇಲೆ ಮತ್ತು ಕೆಫೀನ್ ಸೇರಿದ ಪ್ಯೂರಿನ್ ವರ್ಗದ ಮೇಲೆ ಮಾಡಿದ ಕೆಲಸಕ್ಕೆ.

ಯೆಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ಗೆ ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದುದು 15ನೆಯ ಶತಮಾನದಿಂದ ದಾಖಲಾಗಿದೆ. 1511ರಲ್ಲಿ ಮಕ್ಕಾದ ಅಧಿಕಾರಿಯೊಬ್ಬ ಅದನ್ನು ನಿಷೇಧಿಸಿದ್ದೂ ಆ ನಿಷೇಧ ಹೆಚ್ಚು ದಿನ ಬಾಳದೇ ಹೋದದ್ದೂ ಇತಿಹಾಸ. ನಮ್ಮ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಾಬಾ ಬುಡನ್ ಅವರು ಯೆಮನ್‌ನಿಂದ ಕಾಫಿ ಬೀಜ ತಂದರೆಂಬ ಪ್ರತೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಪ್ರಯೋಗಾಲಯದಲ್ಲಿ ನಮಗೆ ಹೆಚ್ಚು ಹತ್ತಿರದ ನಂಟು ಒಂದು ಪದದಲ್ಲಿದೆ. ಕೆಫೀನ್ ಆಲ್ಕಲಾಯ್ಡ್ ವರ್ಗಕ್ಕೆ ಸೇರಿದ್ದು. ಆ ಪದವನ್ನು ಟಂಕಿಸಿದವನು ಮೈಸ್ನರ್ ಎಂಬ ಜರ್ಮನ್ ಔಷಧಿಕಾರ, ಅದೂ 1819ರಲ್ಲಿಯೇ. ಆಲ್ಕಲಿಯಂತೆ ಇರುವುದು ಎಂದು ಅದರ ಅರ್ಥ. ಆಲ್ಕಲಿ ಅಂದರೆ ಅರಬ್ಬಿಯ ಅಲ್ ಕಲಿ, ಗಿಡ ಸುಟ್ಟ ಬೂದಿಯ ಕ್ಷಾರ. ಕಮಲಾಪುರದಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳು ಇಲ್ಲಿದ್ದಾರೆ. ನಿಮ್ಮೂರಿನ ಕೆಂಪು ಬಾಳೆಯ ಒಣ ದಿಂಡನ್ನು ಸುಟ್ಟು ಬೂದಿಯನ್ನು ನೀರಿನಲ್ಲಿ ಕದಡಿ ಬಸಿದರೆ ಜಾರುವ ನೀರು ಸಿಗುತ್ತದೆ. ಅದರಲ್ಲಿರುವುದು ಪೊಟ್ಯಾಶಿಯಂ ಕಾರ್ಬೊನೇಟ್. ಅದೇ ಅಲ್ ಕಲಿ. ನಮ್ಮ ಪ್ರಯೋಗದಲ್ಲಿ ಬಳಸುವ ಸೋಡಿಯಂ ಕಾರ್ಬೊನೇಟ್ ಇದರ ಅಣ್ಣ, ಅಂಗಡಿಯಲ್ಲಿ ವಾಷಿಂಗ್ ಸೋಡಾ ಎಂದು ಸಿಗುವುದು. ವಿಚಿತ್ರವೆಂದರೆ ಕೆಫೀನ್ ತೀರಾ ದುರ್ಬಲ ಕ್ಷಾರ. ಲಿಟ್ಮಸ್ ಕಾಗದ ಅದಕ್ಕೆ ಮಿಸುಕುವುದೇ ಇಲ್ಲ. ಹೆಸರು ಮಾತ್ರ ದೊಡ್ಡದು.

ಇನ್ನು ಉತ್ಪತನ, ಬಟ್ಟಿ ಇಳಿಸುವುದು, ಭಸ್ಮ ಮಾಡುವುದು ಇವುಗಳನ್ನು ಪಾತ್ರೆಗಳ ಸಮೇತ ಒಂದು ಕ್ರಮದಲ್ಲಿ ವಿವರಿಸಿದವರಲ್ಲಿ ಅಬೂಬಕರ್ ಅರ್ ರಾಝಿ ಪ್ರಮುಖರು. ಅವರ ಕಾಲ 865ರಿಂದ 925ರವರೆಗೆ. ಅವರ ಕಿತಾಬುಲ್ ಅಸ್ರಾರ್ ಎಂಬ ಗ್ರಂಥದ ಹೆಸರು ರಹಸ್ಯಗಳ ಪುಸ್ತಕ ಎಂದಾದರೂ ಒಳಗೆ ರಹಸ್ಯಕ್ಕಿಂತ ಪಾತ್ರೆ, ಒಲೆ, ಕೈಕೆಲಸಗಳ ವಿವರವೇ ಹೆಚ್ಚು. ಕೊನೆಯಲ್ಲಿ ನಾವು ಕೆಫೀನನ್ನು ಶುದ್ಧಿ ಮಾಡುವ ಉತ್ಪತನ ಕ್ರಿಯೆ ಅವರ ಪುಟಗಳಲ್ಲಿದೆ. ನಮ್ಮವರು ಎಂದು ಹೆಮ್ಮೆಪಟ್ಟುಕೊಂಡು ಸುಮ್ಮನೆ ಕೂರಲು ಇದನ್ನು ಹೇಳುತ್ತಿಲ್ಲ. ಅವರು ಕೈಯಿಂದ ಮಾಡಿ ನೋಡಿ ಬರೆದರು ಎಂಬುದಕ್ಕಾಗಿ ಹೇಳಿದೆ. ಈಗ ಕೈಕೆಲಸಕ್ಕೆ ಬರೋಣ.

ಹತ್ತು ಗ್ರಾಂ ಚಹಾಪುಡಿ ತೂಗಿ, ನೂರು ಮಿಲಿಲೀಟರ್ ನೀರು, ಐದು ಗ್ರಾಂ ಹತ್ತಿರ ಸೋಡಿಯಂ ಕಾರ್ಬೊನೇಟ್ ಸೇರಿಸಿ ಹದಿನೈದು ಇಪ್ಪತ್ತು ನಿಮಿಷ ಕುದಿಸಬೇಕು. ಚಹಾ ಎಲೆಯಲ್ಲಿ ಕೆಫೀನ್ ಶೇಕಡಾ ಎರಡರಿಂದ ನಾಲ್ಕು. ಹಾಗಾದರೆ ಹತ್ತು ಗ್ರಾಮಿನಲ್ಲಿ 200ರಿಂದ 400 ಮಿಲಿಗ್ರಾಂ ಇದೆ. ಕೆಫೀನ್ ನೂರು ಮಿಲಿಲೀಟರ್ ತಣ್ಣೀರಿನಲ್ಲಿ ಸುಮಾರು ಎರಡು ಗ್ರಾಂ ಕರಗುತ್ತದೆ, ಕುದಿಯುವ ನೀರಿನಲ್ಲಿ ಅರವತ್ತು ಗ್ರಾಮಿಗಿಂತಲೂ ಹೆಚ್ಚು. ಹಾಗಿದ್ದರೆ ಕುದಿಸುವುದೇಕೆ, ತಣ್ಣೀರೇ ಸಾಕಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಕರಗುವ ಪ್ರಮಾಣಕ್ಕೆ ತಣ್ಣೀರು ಸಾಕು. ಒಣಗಿ ಮುದುಡಿದ ಎಲೆಯೊಳಗಿಂದ ಅದು ಬೇಗ ಹೊರಬರಲು ಬಿಸಿ ಬೇಕು. ನಮ್ಮ ಕಡೆ ಸಿಗುವ ಸಿ.ಟಿ.ಸಿ. ಪುಡಿ ಸಣ್ಣ ಕಾಳಿನಂತಿರುವುದರಿಂದ ಬೇಗ ಬಿಡುತ್ತದೆ.

ಸೋಡಾ ಯಾಕೆ? ನೀರಿಗೆ ಕೆಫೀನ್ ಒಂದೇ ಇಳಿಯುವುದಿಲ್ಲ, ಟ್ಯಾನಿನ್ನುಗಳೂ ಇಳಿಯುತ್ತವೆ. ಚಹಾಕ್ಕೆ ಒಗರು ಮತ್ತು ಬಣ್ಣ ಕೊಡುವ ವರ್ಗ ಅದು. ಟ್ಯಾನಿನ್ನಿಗೆ ಆಮ್ಲದ ಗುಣವಿದೆ. ಸೋಡಾದೊಂದಿಗೆ ಸೇರಿ ಲವಣವಾಗುತ್ತದೆ, ಲವಣ ನೀರಿನಲ್ಲಿಯೇ ಉಳಿಯುತ್ತದೆ. ಮುಂದೆ ಸಾವಯವ ದ್ರಾವಕ ಹಾಕಿದಾಗ ಕೆಫೀನ್ ಆ ಕಡೆ ಹೋಗುತ್ತದೆ, ಟ್ಯಾನಿನ್ ಈ ಕಡೆ ನಿಲ್ಲುತ್ತದೆ. ಪ್ರಯೋಗದ ಜೀವ ಇಷ್ಟೇ.

ಹಳೆಯ ಕೈಪಿಡಿಗಳಲ್ಲಿ ಸೋಡಾದ ಬದಲು ಲೆಡ್ ಅಸಿಟೇಟ್ ಹಾಕಿ ಟ್ಯಾನಿನ್ನನ್ನು ಗಸಿಯಾಗಿ ಇಳಿಸಿ ಸೋಸುವ ಪದ್ಧತಿಯಿದೆ. ಕೆಲವು ಕಡೆ ಅದೇ ಪುಟಗಳು ಜೆರಾಕ್ಸ್ ಆಗುತ್ತಾ ಇನ್ನೂ ನಡೆದು ಬಂದಿವೆ. ನನಗೆ ಇದು ಸರಿ ಕಾಣುವುದಿಲ್ಲ. ಸೀಸ ವಿಷ. ಗಸಿಯನ್ನು ಸಿಂಕಿಗೆ ಸುರಿದರೆ ಅದು ಎಲ್ಲಿಗೂ ಹೋಗಿ ಮುಗಿಯುವುದಿಲ್ಲ, ನಮ್ಮ ಮಣ್ಣಿನಲ್ಲಿಯೇ ಉಳಿಯುತ್ತದೆ. ವಾಷಿಂಗ್ ಸೋಡಾ ಅಥವಾ ಸುಣ್ಣದ ಕಲ್ಲಿನ ಪುಡಿಯಿಂದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಅದೇ ಕೆಲಸ ಆಗುವಾಗ ಸೀಸ ಯಾಕೆ ಬೇಕು? ಇದೇ ರಸ್ತೆ ಹಿಡಿದು ಮಳಖೇಡ, ಸೇಡಂ ಕಡೆ ಹೋದರೆ ನೆಲದ ತುಂಬಾ ಸುಣ್ಣದ ಕಲ್ಲು, ಅದನ್ನೇ ನಂಬಿದ ಸಿಮೆಂಟ್ ಕಾರ್ಖಾನೆಗಳು. ಆ ಜಿಲ್ಲೆಯ ಕಾಲೇಜು ಟ್ಯಾನಿನ್ ತೆಗೆಯಲು ಸೀಸ ಕೊಳ್ಳುವುದು ನಗು ಬರಿಸುವ ಸಂಗತಿ. ಒಂದು ಎಚ್ಚರಿಕೆ: ಕಾಸ್ಟಿಕ್ ಸೋಡಾದಂಥ ತೀವ್ರ ಕ್ಷಾರ ಹಾಕಿ ಕುದಿಸಬಾರದು. ಅದು ಕೆಫೀನಿನ ಅಣುವನ್ನೇ ಮುರಿಯುತ್ತದೆ.

ಸೋಸಿದ ಮೇಲೆ ಮೊದಲ ನಷ್ಟ ಅಲ್ಲಿಯೇ ಇದೆ. ಊದಿದ ಎಲೆ ಬಹಳಷ್ಟು ದ್ರಾವಣವನ್ನು ಹೀರಿಕೊಂಡು ಕೂತಿರುತ್ತದೆ. ಹಾಕಿದ ನೂರು ಮಿಲಿಲೀಟರಿನಲ್ಲಿ ಬಸಿದು ಬಂದದ್ದು ಎಷ್ಟೆಂದು ಅಳೆದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಸ್ವಲ್ಪ ಬಿಸಿನೀರಿನಿಂದ ಎಲೆಯನ್ನು ಮತ್ತೊಮ್ಮೆ ತೊಳೆದು ಆ ನೀರನ್ನೂ ಸೇರಿಸಿದ ವಿದ್ಯಾರ್ಥಿಗೂ ಚರಟವನ್ನು ಹಾಗೇ ಬುಟ್ಟಿಗೆ ಎಸೆದವನಿಗೂ ಕೊನೆಯ ತೂಕದಲ್ಲಿ ವ್ಯತ್ಯಾಸ ಕಾಣುತ್ತದೆ.

ನಂತರ ದ್ರಾವಣವನ್ನು ಪೂರ್ತಿ ತಣಿಸಿ ಪ್ರತ್ಯೇಕಕ ಆಲಿಕೆಗೆ, ಅಂದರೆ ಸೆಪರೇಟಿಂಗ್ ಫನೆಲ್‌ಗೆ ಹಾಕಿ ಡೈಕ್ಲೋರೋಮೀಥೇನ್ ಸೇರಿಸಬೇಕು. ಅದು ನೀರಿಗಿಂತ ಭಾರ, ಕೆಳಗೆ ನಿಲ್ಲುತ್ತದೆ. ಇಲ್ಲಿ ನಮ್ಮ ಊರಿನ ಮಾತು ಬರುತ್ತದೆ, ಸ್ವಲ್ಪ ನಿಂತು ಹೇಳುತ್ತೇನೆ. ಡೈಕ್ಲೋರೋಮೀಥೇನ್ ಕುದಿಯುವುದು 40 ಡಿಗ್ರಿ ಸೆಲ್ಸಿಯಸ್ ಸಮೀಪ. ಕಲಬುರಗಿಯಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣಾಂಶವೇ 40 ದಾಟುತ್ತದೆ. ಆಗ ಬಾಟಲಿಯ ಮುಚ್ಚಳ ತೆಗೆದರೆ ದ್ರಾವಕ ಒಲೆಯಿಲ್ಲದೆ ಕುದಿಯುವ ಸ್ಥಿತಿಯಲ್ಲಿರುತ್ತದೆ. ಆಲಿಕೆಯನ್ನು ಮುಚ್ಚಿ ಅಲುಗಾಡಿಸಿದರೆ ಒಳಗೆ ಒತ್ತಡ ಏರಿ ಬಿರಡೆ ಹಾರುತ್ತದೆ, ಕೋಣೆಯ ತುಂಬಾ ಆವಿ ತುಂಬುತ್ತದೆ. ಇದನ್ನು ಕ್ಯಾನ್ಸರ್‌ಕಾರಕ ಆಗಿರುವ ಸಂಭವ ಹೆಚ್ಚೆಂಬ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಇದರ ಬಹುತೇಕ ಬಳಕೆಗಳನ್ನು ನಿಷೇಧಿಸುವ ನಿಯಮ ತಂದು, ಪ್ರಯೋಗಾಲಯಕ್ಕೆ ಕಟ್ಟುನಿಟ್ಟಿನ ರಕ್ಷಣೆಯೊಂದಿಗೆ ಮಾತ್ರ ಅವಕಾಶ ಉಳಿಸಿತು. ಫ್ಯಾನು ಮಾತ್ರ ಇರುವ ಕೋಣೆಯಲ್ಲಿ ನಲವತ್ತು ಮಕ್ಕಳನ್ನು ನಿಲ್ಲಿಸಿ ಮೇ ತಿಂಗಳಲ್ಲಿ ಇದನ್ನು ಮಾಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಸೆಂಬರ್ ಜನವರಿಯ ಬೆಳಗಿನ ತಂಡಕ್ಕೆ, ಕಿಟಕಿ ತೆರೆದು, ಸಾಧ್ಯವಿದ್ದರೆ ಫ್ಯೂಮ್ ಹುಡ್ ಕೆಳಗೆ ಮಾಡಿಸಬಹುದು. ಕ್ಲೋರೋಫಾರಂ 61 ಡಿಗ್ರಿಗೆ ಕುದಿಯುವುದರಿಂದ ಕೈಗೆ ಸುಲಭ, ಆದರೆ ಆರೋಗ್ಯಕ್ಕೆ ಅದೂ ಒಳ್ಳೆಯದಲ್ಲ. ಈಥೈಲ್ ಅಸಿಟೇಟ್ 77 ಡಿಗ್ರಿಯದು, ವಿಷ ಕಡಿಮೆ. ಕೆಫೀನನ್ನು ಅಷ್ಟು ಚೆನ್ನಾಗಿ ಎಳೆಯುವುದಿಲ್ಲ, ಬೆಂಕಿ ಬೇಗ ಹತ್ತುತ್ತದೆ. ಉರಿಯುವ ಬರ್ನರ್ ಪಕ್ಕದಲ್ಲಿ ಇಡಬಾರದು ಅಷ್ಟೇ. ಸ್ವಲ್ಪ ಕಡಿಮೆ ಕೆಫೀನ್ ಸಿಕ್ಕರೂ ಪದವಿ ತರಗತಿಗೆ ನಾನು ಇದನ್ನೇ ಆರಿಸುತ್ತೇನೆ. ಇದು ನೀರಿಗಿಂತ ಹಗುರ, ಮೇಲೆ ನಿಲ್ಲುತ್ತದೆ ಎಂಬುದನ್ನು ಮರೆತು ಕೆಳಗಿನ ಪದರವನ್ನು ಹಿಡಿದಿಟ್ಟು ಮೇಲಿನದನ್ನು ಚೆಲ್ಲಿದ ತಂಡಗಳನ್ನು ಕಂಡಿದ್ದೇನೆ. ಕೊನೆಯವರೆಗೆ ಯಾವ ಪದರವನ್ನೂ ಚೆಲ್ಲಬೇಡಿ.

ದ್ರಾವಕ ಹಾಕಿದ ಮೇಲೆ ಜೋರಾಗಿ ಕುಲುಕುವುದು ಹುಡುಗರ ಅಭ್ಯಾಸ. ಟ್ಯಾನಿನ್ನಿನ ಲವಣಗಳು ಸಾಬೂನಿನಂತೆ ವರ್ತಿಸುತ್ತವೆ. ಕುಲುಕಿದರೆ ಎರಡು ಪದರಗಳ ನಡುವೆ ಮಜ್ಜಿಗೆಯಂಥ ನೊರೆ ನಿಲ್ಲುತ್ತದೆ, ಅದರೊಳಗೆ ನಮ್ಮ ಕೆಫೀನ್ ಸಿಕ್ಕಿಕೊಂಡಿರುತ್ತದೆ. ತೊಟ್ಟಿಲು ತೂಗಿದಂತೆ ನಿಧಾನವಾಗಿ ಒಂದೆರಡು ನಿಮಿಷ ಹೊರಳಿಸಿದರೆ ಸಾಕು. ನೊರೆ ನಿಂತೇ ಬಿಟ್ಟರೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಾಯಬೇಕು.

ಈಗ ಒಂದು ಲೆಕ್ಕ. ಕೆಫೀನ್ ನೀರಿನಲ್ಲಿ ಕರಗುವುದಕ್ಕಿಂತ ಡೈಕ್ಲೋರೋಮೀಥೇನಿನಲ್ಲಿ ಸುಮಾರು ಏಳು ಪಟ್ಟು ಹೆಚ್ಚು ಕರಗುತ್ತದೆ. ನೀರು ನೂರು ಮಿಲಿಲೀಟರ್, ದ್ರಾವಕ ಒಟ್ಟು ಅರವತ್ತು ಮಿಲಿಲೀಟರ್ ಎಂದು ಇಟ್ಟುಕೊಳ್ಳೋಣ. ಅರವತ್ತನ್ನೂ ಒಂದೇ ಸಲ ಸುರಿದರೆ ನೀರಿನಲ್ಲಿ ಉಳಿಯುವ ಪಾಲು ನೂರನ್ನು ಐನೂರ ಇಪ್ಪತ್ತರಿಂದ ಭಾಗಿಸಿದಷ್ಟು, ಅಂದರೆ ಶೇಕಡಾ 19. ಅದೇ ಅರವತ್ತನ್ನು ಇಪ್ಪತ್ತರಂತೆ ಮೂರು ಸಲ ಹಾಕಿದರೆ ಪ್ರತಿ ಸಲವೂ ನೂರನ್ನು ಇನ್ನೂರ ನಲವತ್ತರಿಂದ ಭಾಗಿಸಿದಷ್ಟು ಉಳಿಯುತ್ತದೆ. ಮೂರು ಸಲದ ನಂತರ ಉಳಿಯುವುದು ಶೇಕಡಾ 7 ಮಾತ್ರ. ದ್ರಾವಕ ಅಷ್ಟೇ, ಖರ್ಚು ಅಷ್ಟೇ, ಹತ್ತು ನಿಮಿಷದ ತಾಳ್ಮೆಗೆ ಶೇಕಡಾ 12 ಲಾಭ. ನಮ್ಮ ತಾಯಂದಿರು ಅಕ್ಕಿಯನ್ನು ಒಂದೇ ಸಲ ಕೊಡಗಟ್ಟಲೆ ನೀರಿನಲ್ಲಿ ತೊಳೆಯದೆ ಸ್ವಲ್ಪ ಸ್ವಲ್ಪ ನೀರಿನಲ್ಲಿ ಮೂರು ಸಲ ತೊಳೆಯುವುದರ ಹಿಂದೆ ಇದೇ ಲೆಕ್ಕ ಇದೆ.

ಸಂಗ್ರಹಿಸಿದ ದ್ರಾವಕದಲ್ಲಿ ಸ್ವಲ್ಪ ನೀರು ಬೆರೆತಿರುತ್ತದೆ. ಅದನ್ನು ತೆಗೆಯಲು ನಿರ್ಜಲ ಸೋಡಿಯಂ ಸಲ್ಫೇಟ್ ಹಾಕಲು ಪುಸ್ತಕ ಹೇಳುತ್ತದೆ. ಇಲ್ಲಿಯೂ ಬಿಸಿಲು ಅಡ್ಡ ಬರುತ್ತದೆ. ಈ ಲವಣ ನೀರನ್ನು ಹಿಡಿದಿಟ್ಟುಕೊಳ್ಳುವುದು 32 ಡಿಗ್ರಿಯವರೆಗೆ ಮಾತ್ರ, ಅದಕ್ಕಿಂತ ಮೇಲೆ ಹಿಡಿದ ನೀರನ್ನು ಬಿಟ್ಟುಬಿಡುತ್ತದೆ. ನಮ್ಮಲ್ಲಿ ವರ್ಷದ ಎಷ್ಟೋ ತಿಂಗಳು ಮಧ್ಯಾಹ್ನದ ಪ್ರಯೋಗಾಲಯ 32 ಡಿಗ್ರಿಗಿಂತ ಬಿಸಿ. ಪುಸ್ತಕ ಬರೆದವರ ಕೋಣೆ 20 ಅಥವಾ 25 ಡಿಗ್ರಿಯದಿರಬಹುದು. ನಮ್ಮ ವಿದ್ಯಾರ್ಥಿ ಅದೇ ಪುಟವನ್ನು ಅಕ್ಷರಶಃ ಅನುಸರಿಸಿಯೂ ಬೇರೆ ಫಲಿತಾಂಶ ಪಡೆಯುತ್ತಾನೆ. ಮ್ಯಾಗ್ನೀಶಿಯಂ ಸಲ್ಫೇಟ್ ಬಳಸಬಹುದು, ಅಥವಾ ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟು ಒಣಗಿಸಬಹುದು.

ದ್ರಾವಕವನ್ನು ಜಲತಾಪಕದ ಮೇಲೆ ಬಟ್ಟಿ ಇಳಿಸಿ ವಾಪಸು ಪಡೆದ ಮೇಲೆ ತಳದಲ್ಲಿ ಹಸಿರು ಮಿಶ್ರಿತ ಹಳದಿ ಬಣ್ಣದ ಒಂದು ಲೇಪ ಉಳಿಯುತ್ತದೆ. ಇಷ್ಟೇನಾ ಎಂದು ಮಕ್ಕಳ ಮುಖ ಬಾಡುವುದು ಇಲ್ಲಿಯೇ. ಹಸಿರು ಬಣ್ಣ ಎಲೆಯ ಹರಿತ್ತಿನದು. ಆ ಲೇಪವನ್ನು ಮೆಲ್ಲಗೆ ಕಾಯಿಸಿ, ಮೇಲೆ ತಣ್ಣೀರು ತುಂಬಿದ ಗಾಜಿನ ಕೊಳವೆ ಇಟ್ಟರೆ ಕೆಫೀನ್ ಕರಗದೆ ನೇರವಾಗಿ ಆವಿಯಾಗಿ ಮೇಲೇರಿ ತಣ್ಣನೆಯ ಗಾಜಿನ ಮೇಲೆ ಬಿಳಿಯ ಸೂಜಿಗಳಾಗಿ ನಿಲ್ಲುತ್ತದೆ. ಅರ್ ರಾಝಿಯವರ ಉತ್ಪತನ ಇದೇ. 180 ಡಿಗ್ರಿಯ ಆಸುಪಾಸಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅವಸರದಲ್ಲಿ ಉರಿ ಹೆಚ್ಚಿಸಿದರೆ ಕಸವೂ ಸುಟ್ಟು ಹಳದಿ ಹೊಗೆಯಾಗಿ ಜೊತೆಗೆ ಏರುತ್ತದೆ. ದಯವಿಟ್ಟು ಯಾರೂ ಹರಳನ್ನು ನಾಲಿಗೆಗೆ ಮುಟ್ಟಿಸಬೇಡಿ. ಅದರಲ್ಲಿ ದ್ರಾವಕದ ಶೇಷವಿರಬಹುದು, ಜೊತೆಗೆ ಶುದ್ಧ ಕೆಫೀನ್ ಪುಡಿ ಚಮಚದಷ್ಟೇ ಇದ್ದರೂ ಪ್ರಾಣಕ್ಕೆ ಅಪಾಯ.

ಇದು ಕೆಫೀನ್ ಹೌದೇ ಎಂದು ತಿಳಿಯಲು ಮ್ಯುರೆಕ್ಸೈಡ್ ಪರೀಕ್ಷೆಯಿದೆ: ಪೊಟ್ಯಾಶಿಯಂ ಕ್ಲೋರೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಆವಿಯಾಗಿಸಿ, ಅಮೋನಿಯಾದ ಆವಿ ತೋರಿಸಿದರೆ ನೇರಳೆ ಬಣ್ಣ. ಕರಗುವ ಬಿಂದು 236 ಡಿಗ್ರಿಯ ಹತ್ತಿರ. ನಮ್ಮ ಕಾಲೇಜುಗಳ ಲಿಕ್ವಿಡ್ ಪ್ಯಾರಾಫಿನ್ ಆ ಹೊತ್ತಿಗೆ ಹೊಗೆಯಾಡುತ್ತಿರುತ್ತದೆ, ಕೆಫೀನ್ ಕೊಳವೆಯಿಂದ ಹಾರಿ ಹೋಗುತ್ತಿರುತ್ತದೆ. ಸ್ಯಾಲಿಸಿಲಿಕ್ ಆಮ್ಲದೊಂದಿಗೆ ಸೇರಿಸಿ ಕೆಫೀನ್ ಸ್ಯಾಲಿಸಿಲೇಟ್ ಮಾಡಿಕೊಂಡರೆ ಅದು 137 ಡಿಗ್ರಿಗೆ ಕರಗುತ್ತದೆ, ಅಳೆಯುವುದು ಸುಲಭ.

ಈಗ ಆ ಅಂಕಿ. ಹತ್ತು ಗ್ರಾಮಿನಲ್ಲಿ ಮುನ್ನೂರು ಮಿಲಿಗ್ರಾಂ ಇತ್ತೆಂದು ಹಿಡಿದರೂ ವಿದ್ಯಾರ್ಥಿಯ ಕೈಗೆ ಬರುವುದು ಸಾಮಾನ್ಯವಾಗಿ ನೂರರ ಆಸುಪಾಸು, ಎಷ್ಟೋ ಸಲ ಐವತ್ತು, ಉತ್ಪತನದ ನಂತರ ಇನ್ನೂ ಕಡಿಮೆ. ಆದರೆ ದಾಖಲೆ ಪುಸ್ತಕಗಳನ್ನು ತೆರೆದು ನೋಡಿ. ಮೂವತ್ತು ಪುಸ್ತಕಗಳಲ್ಲಿ ಮೂವತ್ತರಲ್ಲಿಯೂ ಒಂದೇ ತೂಕ, ಹೋದ ವರ್ಷದ ಸೀನಿಯರ್ ಪುಸ್ತಕದಲ್ಲಿಯೂ ಅದೇ. ಮೂವತ್ತು ಕೈಗಳು ಮಾಡಿದ ಕೆಲಸ ಮಿಲಿಗ್ರಾಮಿಗೆ ಮಿಲಿಗ್ರಾಂ ಒಂದೇ ಆಗಲು ಸಾಧ್ಯವೇ ಇಲ್ಲ. ಎಲ್ಲರೂ ಅದನ್ನು ಬಲ್ಲರು, ಸಹಿ ಹಾಕುವವರೂ ಬಲ್ಲರು. ಪುಸ್ತಕದ ಅಂಕಿಗೆ ಹತ್ತಿರವಿದ್ದರೆ ಅಂಕ, ದೂರವಿದ್ದರೆ ಕಡಿತ ಎಂಬ ಪದ್ಧತಿಯಿಂದ ಇದು ಬಂದಿದೆ. ನಾನು ವಿದ್ಯಾರ್ಥಿಗಳನ್ನು ಮಾತ್ರ ದೂರುವುದಿಲ್ಲ. ಐವತ್ತೆಂದು ಬರೆದವಳಿಗೆ ಆರು ಅಂಕ, ಇನ್ನೂರೈವತ್ತು ಎಂದು ನಕಲು ಮಾಡಿದವಳಿಗೆ ಹತ್ತು ಅಂಕ ಕೊಟ್ಟರೆ ನಾವು ಕಲಿಸಿದ್ದು ರಸಾಯನಶಾಸ್ತ್ರವನ್ನಲ್ಲ.

ತೂಕದ ವಿಷಯ ನಮಗೆ ಹೊಸದಲ್ಲ. ಪವಿತ್ರ ಕುರ್‌ಆನ್‌ನ 83ನೆಯ ಅಧ್ಯಾಯದ ಹೆಸರೇ ಅಲ್ ಮುತಫ್ಫಿಫೀನ್, ಅಳತೆ ತೂಕದಲ್ಲಿ ಕಡಿತ ಮಾಡುವವರು ಎಂದು ಅರ್ಥ. ಬಜಾರಿನ ತಕ್ಕಡಿಗೆ ಅನ್ವಯಿಸುವುದು ಪ್ರಯೋಗಾಲಯದ ತಕ್ಕಡಿಗೆ ಅನ್ವಯಿಸುವುದಿಲ್ಲವೆಂದು ಯಾವ ಆಲಿಮರೂ ಹೇಳಲಿಕ್ಕಿಲ್ಲ. ತೂಗದೆಯೇ ಬರೆದ ತೂಕ ಕಡಿಮೆ ತೂಗಿದ್ದಕ್ಕಿಂತ ಒಂದು ಹೆಜ್ಜೆ ಮುಂದಿನದು.

ಈ ಮಾತು ಕಾಲೇಜಿನ ಗೋಡೆಯೊಳಗೆ ಮುಗಿಯುವುದಿಲ್ಲ. ನಮ್ಮ ಬಿ.ಎಸ್ಸಿ., ಎಂ.ಎಸ್ಸಿ. ಮಕ್ಕಳು ಕೆಲಸ ಹುಡುಕಿ ಹೋಗುವುದು ಎಲ್ಲಿಗೆ? ಬೀದರಿನ ಕೊಳ್ಹಾರ ಕೈಗಾರಿಕಾ ಪ್ರದೇಶಕ್ಕೆ, ಹೈದರಾಬಾದಿನ ಔಷಧ ಕಂಪನಿಗಳಿಗೆ. ಅಲ್ಲಿ ಗುಣಮಟ್ಟ ವಿಭಾಗದಲ್ಲಿ ಕುಳಿತವರ ಕೆಲಸವೆಲ್ಲ ತೂಗುವುದು, ಅಳೆಯುವುದು, ಆ ಕ್ಷಣದಲ್ಲಿ ಬರೆದಿಡುವುದು. 2013ರ ಮೇ ತಿಂಗಳಲ್ಲಿ ರ‍್ಯಾನ್‌ಬ್ಯಾಕ್ಸಿಯ ಅಮೆರಿಕ ಶಾಖೆ ಕಲಬೆರಕೆ ಔಷಧ ಮತ್ತು ಸುಳ್ಳು ಹೇಳಿಕೆಗಳ ಆರೋಪಗಳನ್ನು ಅಲ್ಲಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡು ದಂಡ ಮತ್ತು ಪರಿಹಾರವಾಗಿ 50 ಕೋಟಿ ಡಾಲರ್ ತೆತ್ತಿತು. ಮಾಡದ ಪರೀಕ್ಷೆಯ ಫಲಿತಾಂಶ ಬರೆಯುವ ಅಭ್ಯಾಸ ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ. ಅದಕ್ಕೆ ತರಬೇತಿ ಎಲ್ಲೋ ಮೊದಲೇ ಆಗಿರುತ್ತದೆ.

ಕಡಿಮೆ ಬಂದ ತೂಕ ನಾಚಿಕೆಯ ವಿಷಯವಲ್ಲ. ಕಾಣೆಯಾದ ಒಂದೊಂದು ಮಿಲಿಗ್ರಾಮಿಗೂ ವಿಳಾಸವಿದೆ: ಚರಟದಲ್ಲಿ ಸ್ವಲ್ಪ, ನೀರಿನ ಪದರದಲ್ಲಿ ಸ್ವಲ್ಪ, ನೊರೆಯಲ್ಲಿ ಸ್ವಲ್ಪ, ಒಣಗಿಸಿದ ಲವಣಕ್ಕೆ ಅಂಟಿದ್ದು ಸ್ವಲ್ಪ, ಗಾಜಿನಿಂದ ಕೆರೆಯಲಾಗದೆ ಬಿಟ್ಟದ್ದು ಸ್ವಲ್ಪ. ಚರಟವನ್ನು ಇನ್ನೊಮ್ಮೆ ಕುದಿಸಿ, ನೀರಿನ ಪದರವನ್ನು ನಾಲ್ಕನೆಯ ಸಲ ಎಳೆದು ನೋಡಿದರೆ ಪತ್ತೆಯೂ ಆಗುತ್ತದೆ. ಅದಕ್ಕಿಂತ ಅನುಮಾನಿಸಬೇಕಾದದ್ದು ಹೆಚ್ಚು ಬಂದ ತೂಕ. ಹತ್ತು ಗ್ರಾಮಿಗೆ 500 ಮಿಲಿಗ್ರಾಂ ಬಂತೆಂದು ಸಂಭ್ರಮಿಸಿದ ತಂಡಕ್ಕೆ ನಾನು ಇನ್ನೊಮ್ಮೆ ಒಣಗಿಸಿ ತೂಗಲು ಹೇಳುತ್ತೇನೆ. ಅದರಲ್ಲಿ ನೀರು, ದ್ರಾವಕ, ಸೋಡಿಯಂ ಸಲ್ಫೇಟಿನ ಪುಡಿ ಇರುತ್ತವೆ. ಎರಡು ಸಲ ತೂಗಿದಾಗ ಒಂದೇ ತೂಕ ಬರುವವರೆಗೆ ಒಣಗಿಸಬೇಕು. ತಕ್ಕಡಿಯ ಮಿತಿಯನ್ನೂ ಬರೆಯಬೇಕು. ಹತ್ತು ಮಿಲಿಗ್ರಾಮಿಗಿಂತ ಸೂಕ್ಷ್ಮವಾಗಿ ತೂಗದ ತಕ್ಕಡಿಯಲ್ಲಿ 83.4 ಮಿಲಿಗ್ರಾಂ ಎಂದು ಬರೆದರೆ ಆ ನಾಲ್ಕು ಎಲ್ಲಿಂದ ಬಂತು?

ಅಧ್ಯಾಪಕ ಮಿತ್ರರು ಇಲ್ಲಿದ್ದಾರೆ, ಅವರಿಗೆ ಒಂದು ಸಲಹೆ. ತೂಕಕ್ಕೆ ಅಂಕ ಕೊಡಬೇಡಿ, ತೂಕದ ವಿವರಣೆಗೆ ಕೊಡಿ. ದಿನಾಂಕ, ಕೋಣೆಯ ಉಷ್ಣಾಂಶ, ಬಸಿದು ಬಂದ ನೀರಿನ ಅಳತೆ, ಎಷ್ಟು ಸಲ ಎಳೆದದ್ದು, ಒಣಗಿಸಿದ ಎರಡು ತೂಕಗಳು, ಇಷ್ಟನ್ನು ಅಂದೇ ಪೆನ್ನಿನಲ್ಲಿ ಬರೆಯಲಿ. ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯಲಿ, ಉಜ್ಜಿ ಅಳಿಸದಿರಲಿ. ಮೂವತ್ತು ಜನರ ತೂಕಗಳನ್ನು ಹಲಗೆಯ ಮೇಲೆ ಒಂದೇ ಪಟ್ಟಿಯಲ್ಲಿ ಹಾಕಿದರೆ ಯಾರು ಮೂರು ಸಲ ಎಳೆದರು, ಯಾರು ಒಂದೇ ಸಲಕ್ಕೆ ಮುಗಿಸಿದರು ಎಂಬುದು ಅಂಕಿಗಳಿಂದಲೇ ಕಾಣುತ್ತದೆ. ಡಿಸೆಂಬರಿನ ತಂಡದ ಪಟ್ಟಿಯನ್ನೂ ಮಾರ್ಚಿನ ತಂಡದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡುವ ಆಸೆ ನನಗಿದೆ. ನಮ್ಮ ಬಿಸಿಲಿಗೆ ಎಷ್ಟು ಕೆಫೀನ್ ಹೋಗುತ್ತದೆ ಎಂಬುದು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ, ಆ ಪಟ್ಟಿಯಲ್ಲಿ ಸಿಗಬಹುದು.

ಬಳಸಿದ ದ್ರಾವಕವನ್ನು ಸಿಂಕಿಗೆ ಬಿಡದೆ ಹೆಸರು ಬರೆದ ಬಾಟಲಿಯಲ್ಲಿ ಕೂಡಿಡಿ. ಬಟ್ಟಿ ಇಳಿಸಿ ಪಡೆದದ್ದನ್ನು ಮುಂದಿನ ತಂಡಕ್ಕೆ ಬಳಸಬಹುದು. ಉಳಿದ ಚಹಾದ ಚರಟವನ್ನು ಮಾತ್ರ ಧಾರಾಳವಾಗಿ ಕಾಲೇಜಿನ ತೋಟದ ಗೊಬ್ಬರದ ಗುಂಡಿಗೆ ಹಾಕಬಹುದು, ಅದೂ ಸೀಸ ಹಾಕಿರದಿದ್ದರೆ. ಪ್ರಶ್ನೆಗಳಿದ್ದವರು ಈಗ ಕೇಳಬಹುದು. ಹೊರಗೆ ಚಹಾ ತಯಾರಾಗಿದೆ ಎಂದು ಸಂಘದ ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.